ಓದದೆ ಬಂದ ಓದುಗರು

ಪ್ಯಾಲೆಸ್ಟೀನ್ ಮೂಲದ ಆ ಕಾದಂಬರಿಗಾರ್ತಿ ನಮ್ಮ ಅಂಗಡಿಗೆ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಬರುವವರು ಪುಸ್ತಕ ಓದಿರಬೇಕು. ಇಳಿದುಕೊಳ್ಳುವ ಜಾಗ ಎಂಥದಾದರೂ ಸರಿ, ಊಟಕ್ಕೆ ಏನಿದ್ದರೂ ಸರಿ, ವೇದಿಕೆಯೂ ಬೇಡ. ಓದಿರಬೇಕು, ಅಷ್ಟೇ.

ಫೋನಿನಲ್ಲಿ ಕಾರಣವನ್ನೂ ಅವರೇ ಹೇಳಿದರು. ಅವರಿರುವುದು ಮೆಲ್ಬರ್ನ್‌ನಲ್ಲಿ. "ಮೊದಲ ಕಾದಂಬರಿ ಹಿಡಿದುಕೊಂಡು ಊರೂರು ತಿರುಗಿದೆ. ಎಲ್ಲ ಕಡೆ ಯುದ್ಧದ ಬಗ್ಗೆ ಕೇಳಿದರು. ಕೇಳಲಿ, ಹೇಳುತ್ತೇನೆ, ಹೇಳಬೇಕಾದದ್ದೇ. ಆದರೆ ವರ್ಷಗಟ್ಟಲೆ ಕೂತು ನಾನು ಬರೆದ ಮನುಷ್ಯರ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಇದು ಎರಡನೆಯದು. ಇದಕ್ಕೂ ಹಾಗೇ ಆದರೆ ಮೂರನೆಯದನ್ನು ಬರೆಯುವುದಿಲ್ಲ ಅಂತ ಪ್ರಕಾಶಕರಿಗೆ ಹೇಳಿಬಿಟ್ಟಿದ್ದೇನೆ. ನಿಮ್ಮ ಊರೇ ಈ ಪ್ರವಾಸದ ಕೊನೆ."

"ಇದುವರೆಗಿನ ಊರುಗಳಲ್ಲಿ ಹೇಗಾಯಿತು?" ಎಂದೆ.

"ಹಾಗೇ ಆಯಿತು," ಎಂದರು.

ನನ್ನದು ಮೊದಲೇ ಗಾಬರಿ ಸ್ವಭಾವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಹೋಗುವವಳು ನಾನು. ಅಂಥವಳ ತಲೆಯ ಮೇಲೆ ಒಬ್ಬ ಲೇಖಕಿಯ ಮುಂದಿನ ಪುಸ್ತಕ ತಂದು ಇಟ್ಟರೆ ಹೇಗಾಗಬೇಡ? ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಆಕ್ಲೆಂಡ್ ಕಡೆಯ ಹ್ಯಾಮಿಲ್ಟನ್‌ನ ಒಂದು ಪುಸ್ತಕದಂಗಡಿಯಲ್ಲಿ ನನಗೆ ಕೆಲಸ. ಪುಸ್ತಕ ಮಾರುವುದರ ಜೊತೆಗೆ ತಿಂಗಳಿಗೊಂದು ಓದುಗರ ಕೂಟ ನಡೆಸುತ್ತೇನೆ. ಕೂಟದ ಕ್ರಮ ಹಳೆಯದು, ನಾನು ಬರುವ ಮುಂಚಿನಿಂದ ಇರುವುದು. ಆಯ್ದ ಪುಸ್ತಕದ ಪ್ರತಿಗಳನ್ನು ತರಿಸಿ, ಕೂಟದ ಸದಸ್ಯರಿಗೆ ಮುಂಚೆಯೇ ಹಂಚಬೇಕು. ಕೂಟದ ದಿನ ನಡುವಿನ ಕಪಾಟುಗಳನ್ನು ಗಾಲಿಯ ಮೇಲೆ ಗೋಡೆಗೆ ತಳ್ಳಿ, ಕುರ್ಚಿಗಳನ್ನು ದುಂಡಗೆ ಹಾಕಬೇಕು. ಕಿವಿ ಮಂದವಾದವರೇ ಹೆಚ್ಚು. ಅವರ ಶ್ರವಣಯಂತ್ರಕ್ಕೆ ನೇರವಾಗಿ ದನಿ ಮುಟ್ಟಲೆಂದು ನೆಲಹಾಸಿನ ಕೆಳಗೆ ಒಂದು ತಂತಿ ಸುತ್ತು ಇದೆ, ಅದನ್ನು ಪರೀಕ್ಷೆ ಮಾಡಬೇಕು. ಕೈಯಿಂದ ಕೈಗೆ ಒಂದೇ ಮೈಕು ಹೋಗಬೇಕು. ಸದಸ್ಯರು ಹೆಚ್ಚಿನವರು ನಿವೃತ್ತರು, ಬಿಳಿಯರು, ಶ್ರದ್ಧೆಯಿಂದ ಓದುವವರು. ಪುಟಗಳಲ್ಲಿ ಚೀಟಿ ಸಿಕ್ಕಿಸಿಕೊಂಡು ಬರುತ್ತಾರೆ. ಆದ್ದರಿಂದ ಷರತ್ತಿನ ಬಗ್ಗೆ ಮೊದಲಿಗೆ ನನಗೆ ಅಷ್ಟು ಚಿಂತೆ ಇರಲಿಲ್ಲ.

ಕಾದಂಬರಿಯ ಕಥೆ ಇಷ್ಟು. ಇಬ್ಬರು ಅಕ್ಕತಂಗಿಯರು. ಚಿಕ್ಕಂದಿನಲ್ಲಿ ಕುವೈತ್‌ನಲ್ಲಿದ್ದವರು, ಅಲ್ಲಿಂದ ಹೊರಬಿದ್ದು ಕೊನೆಗೆ ಆಸ್ಟ್ರೇಲಿಯದಲ್ಲಿ ನೆಲೆ ನಿಂತವರು. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ, ಹೊಸದಾಗಿ ದೇಶಕ್ಕೆ ಬಂದ ಹೆಂಗಸರಿಗೆಲ್ಲ ಕಾರು ಕಲಿಸುತ್ತಾಳೆ. ಅವಳ ಸ್ವಂತ ತಂಗಿ ಮಾತ್ರ ಪರೀಕ್ಷೆಯಲ್ಲಿ ಫೇಲಾಗುತ್ತಲೇ ಇರುತ್ತಾಳೆ. ಯಾಕೆಂದರೆ ಪ್ರತಿ ಸಲ ಅಕ್ಕ ಹೋಗಿ ಪರೀಕ್ಷಕರ ಕಿವಿಯಲ್ಲಿ ಒಂದು ಮಾತು ಊದಿರುತ್ತಾಳೆ. ತಂಗಿಗೆ ಲೈಸೆನ್ಸ್ ಸಿಕ್ಕರೆ ಮಗುವನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿಬಿಡುತ್ತಾಳೆ, ಅಕ್ಕನಿಗೆ ಅದು ಗೊತ್ತು. ನಗಿಸುತ್ತ ನಗಿಸುತ್ತ ಹೊಟ್ಟೆ ಹಿಂಡುವ ಪುಸ್ತಕ. ನಾನು ಎರಡು ಸಲ ಓದಿದ್ದೆ.

ಪೋಸ್ಟರು ಅಂಟಿಸಿದ ವಾರದಿಂದಲೇ ಅಂಗಡಿಗೆ ಇಮೇಲುಗಳು ಬರತೊಡಗಿದವು. ಇಂಥವರನ್ನು ಯಾಕೆ ಕರೆಸುತ್ತೀರಿ ಎಂದು ಕೆಲವರು. ಇಂಥವರನ್ನು ಕರೆಸಿಯೂ ಯುದ್ಧದ ಬಗ್ಗೆ ಚಕಾರವಿಲ್ಲದ ಪೋಸ್ಟರು ಯಾಕೆ ಎಂದು ಇನ್ನು ಕೆಲವರು. ಬಾಗಿಲಲ್ಲಿ ಬಂದು ನಿಲ್ಲುತ್ತೇವೆ ಎಂದು ಎರಡೂ ಕಡೆಯವರು ಬರೆದರು. ಕೂಟದ ಸದಸ್ಯರು ಒಬ್ಬೊಬ್ಬರಾಗಿ ಜಾರಿಕೊಂಡರು. ಒಬ್ಬರಿಗೆ ಮೊಮ್ಮಗನ ರಗ್ಬಿ ಆಟ, ಇನ್ನೊಬ್ಬರಿಗೆ ಸಮುದ್ರ ತೀರದ ರಜಾ ಮನೆಯಲ್ಲಿ ಹುಲ್ಲು ಕತ್ತರಿಸುವುದಿತ್ತು. "ಪುಸ್ತಕ ತುಂಬ ಚೆನ್ನಾಗಿದೆ ಡಿಯರ್, ಆದರೆ ಗಲಾಟೆ ನಮಗಾಗುವುದಿಲ್ಲ," ಎಂದು ನಿಜ ಹೇಳಿದವರು ಒಬ್ಬರೇ.

ನಮ್ಮ ಮಾಲಕಿ ಇದೇ ದೇಶದಲ್ಲಿ ಹುಟ್ಟಿ ಬೆಳೆದ, ಅರವತ್ತು ದಾಟಿದ ಹೆಂಗಸು, ಸುಲಭಕ್ಕೆ ಹೆದರುವವರಲ್ಲ. ಅವರೇ ಬುಧವಾರ ನನ್ನನ್ನು ಕರೆದು ಕೂರಿಸಿದರು. "ಅರ್ಧದಷ್ಟು ಕುರ್ಚಿಗಳಾದರೂ ತುಂಬದಿದ್ದರೆ ಕೂಟ ಬೇಡ. ಸುಮ್ಮನೆ ಸಹಿ ಹಾಕಿಸಿ ಕಳಿಸೋಣ. ನಡೆಯುವುದಾದರೆ ಪ್ರಶ್ನೆಗಳನ್ನು ಮೊದಲೇ ಬರೆಸಿಕೋ, ನಾವು ನೋಡಿದ ಮೇಲೆ ಕೇಳಲಿ."

ಬರೀ ಸಹಿ ಹಾಕಿಸಿ ಕಳಿಸಿದರೆ ಆ ಹೆಂಗಸು ಬರೆಯುವುದನ್ನೇ ಬಿಡುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ. "ಕುರ್ಚಿ ನಾನು ತುಂಬಿಸುತ್ತೇನೆ," ಎಂದೆ.

ತುಂಬಿಸಲು ನನಗಿದ್ದದ್ದು ಒಂದೇ ದಾರಿ, ನಮ್ಮ ಊರಿನ ಕನ್ನಡದವರ ವಾಟ್ಸಾಪ್ ಗುಂಪು. ಆಸ್ಪತ್ರೆಯ ನರ್ಸುಗಳು, ಡಾಕ್ಟರುಗಳು, ಓದಲು ಬಂದು ಇಲ್ಲೇ ಉಳಿದವರು. "ಹೊಸ ಕಾದಂಬರಿ, ಲೇಖಕಿಯೇ ಬರುತ್ತಾರೆ, ದಯವಿಟ್ಟು ಬನ್ನಿ, ಪುಸ್ತಕ ನಾನೇ ಮನೆಗೆ ತಂದುಕೊಡುತ್ತೇನೆ, ಓದಿ ಬನ್ನಿ" ಎಂದು ಹಾಕಿದೆ. ಅರ್ಧ ಗಂಟೆಯಲ್ಲಿ ಕೈಮುಗಿದ ಚಿತ್ರಗಳು, ಹೂಗುಚ್ಛಗಳು, "ಖಂಡಿತ ಬರ್ತೀವಿ" ಎಲ್ಲ ಬಂದವು. ಅವತ್ತು ಸಂಜೆಯೂ ಮರುದಿನವೂ ಕಾರಿನ ಡಿಕ್ಕಿಯಲ್ಲಿ ಪುಸ್ತಕ ತುಂಬಿಕೊಂಡು ಮನೆಮನೆಗೆ ಸುತ್ತಿದೆ. ಎಲ್ಲರೂ ಒಳಗೆ ಕರೆದು ಕಾಫಿ ಕೊಟ್ಟರು. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡವರೂ ಇದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶನಿವಾರ ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ, ನಾನು ಆಕ್ಲೆಂಡ್ ವಿಮಾನ ನಿಲ್ದಾಣಕ್ಕೆ ಹೊರಟೆ. ಕಾದಂಬರಿಗಾರ್ತಿ ಒಂದು ಸಣ್ಣ ಚೀಲ ಹಿಡಿದು ಹೊರಗೆ ಬಂದರು. ಐವತ್ತರ ಆಸುಪಾಸು, ಗುಂಗುರು ಕೂದಲು, ನಿದ್ದೆಗೆಟ್ಟ ಕಣ್ಣು. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡವರೇ ಬಗ್ಗಿ ಪೆಟ್ರೋಲ್ ಮುಳ್ಳು ನೋಡಿದರು. ಅದು ಕಾಲು ಭಾಗಕ್ಕಿಂತ ಕೆಳಗಿತ್ತು.

"ತುಂಬಿಸಿಕೊಳ್ಳೋಣವಾ?" ಎಂದರು.

"ಹ್ಯಾಮಿಲ್ಟನ್‌ವರೆಗೆ ಧಾರಾಳವಾಗಿ ಸಾಕು."

"ಮೊದಲು ಸಿಗುವ ಬಂಕಿನಲ್ಲೇ ತುಂಬಿಸಿ. ದಯವಿಟ್ಟು."

ಇದೊಳ್ಳೆ ಫಜೀತಿ, ಪ್ರತಿಯೊಂದಕ್ಕೂ ಷರತ್ತಾ, ಎಂದುಕೊಂಡು ತುಂಬಿಸಿದೆ. ದಾರಿಯುದ್ದಕ್ಕೂ ಅವರು ತೊಡೆಯ ಮೇಲೆ ಫೋನನ್ನು ಬೋರಲು ಹಾಕಿಕೊಂಡು, ಆಗಾಗ ಮಗುಚಿ ನೋಡುತ್ತಿದ್ದರು. ಗಾಜಾದಲ್ಲಿ ಅವರ ಚಿಕ್ಕಮ್ಮ ಇದ್ದರು. ಕೆಲವು ದಿನಗಳಿಂದ ಸುದ್ದಿ ಇರಲಿಲ್ಲ. "ಕೂಟದಲ್ಲಿ ಇದನ್ನು ಹೇಳಬೇಡಿ," ಎಂದರು. "ಹೇಳಿದರೆ ಎಲ್ಲರೂ ನನ್ನನ್ನೇ ನೋಡುತ್ತ ಕೂರುತ್ತಾರೆ, ಪುಸ್ತಕವನ್ನು ಕೆಳಗೆ ಇಟ್ಟುಬಿಡುತ್ತಾರೆ." ಮತ್ತೆ ಫೋನು ಮಗುಚಿ ನೋಡಿ, "ಎಲ್ಲರೂ ಓದಿದ್ದಾರೆ ತಾನೆ?" ಎಂದು ಕೇಳಿದರು.

"ಓದಿದ್ದಾರೆ," ಎಂದೆ. ನಿಜಕ್ಕೂ ನಾನು ಯಾರನ್ನೂ ವಿಚಾರಿಸಿರಲಿಲ್ಲ.

ಅವರನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಚಹಾ ಕೊಟ್ಟು ಕೂರಿಸಿ, ನಾನು ಹೊರಗೆ ಬಂದೆ. ಕಪಾಟು ತಳ್ಳಿದ್ದಾಯಿತು. ಕುರ್ಚಿ ಹಾಕಿದ್ದಾಯಿತು. ಮೈಕಿನ ಬ್ಯಾಟರಿ ಬದಲಿಸಿ, ತಂತಿ ಸುತ್ತು ಪರೀಕ್ಷಿಸಿದ್ದಾಯಿತು. ಮಾಲಕಿ ಬಾಗಿಲ ಬಳಿ ನಿಂತು ಬೀದಿಯ ಎರಡೂ ತುದಿ ನೋಡುತ್ತಿದ್ದರು. ಬಂದು ನಿಲ್ಲುತ್ತೇವೆ ಎಂದವರು ಯಾರೂ ಕಾಣಲಿಲ್ಲ. ಕಂಡವರು ನಮ್ಮವರು.

ರೇಷ್ಮೆ ಸೀರೆ ಉಟ್ಟು ಬಂದರು. ಜುಬ್ಬಾ ತೊಟ್ಟು ಬಂದರು. ಒಬ್ಬರ ಕೈಯಲ್ಲಿ ಜರಿಯಂಚಿನ ಶಾಲು, ಇನ್ನೊಬ್ಬರ ಕೈಯಲ್ಲಿ ಕಿತ್ತಳೆ, ಸೇಬು, ದ್ರಾಕ್ಷಿ ಜೋಡಿಸಿದ ಹಣ್ಣಿನ ತಟ್ಟೆ. ಆಸ್ಪತ್ರೆಯ ಹೃದ್ರೋಗ ವಿಭಾಗದ ಡಾಕ್ಟರ್ ಅಂಕಲ್, ರಾಯಚೂರಿನ ಕಡೆಯವರು, ಕೈಯಲ್ಲಿ ಮಡಿಚಿದ ಕಾಗದ ಹಿಡಿದು ನೇರ ನನ್ನ ಹತ್ತಿರ ಬಂದರು.

"ತಂಗಿ, ಅಧ್ಯಕ್ಷತಿ ಯಾರದು? ನಾ ಒಂದ್ ನಾಕ ಮಾತ ತಯಾರ ಮಾಡ್ಕೊಂಡ ಬಂದೀನಿ. ಜಾಗತಿಕ ರಾಜಕಾರಣ, ಶಾಂತಿ, ಎಲ್ಲಾ ಬರ್ತದ ಅದರಾಗ."

"ಅಂಕಲ್, ಪುಸ್ತಕ?"

ಅವರು ಚೀಲದಿಂದ ಪುಸ್ತಕ ತೆಗೆದು ತೋರಿಸಿದರು. ಮೇಲಿನ ಪ್ಲಾಸ್ಟಿಕ್ ಕವರು ಹಾಗೇ ಇತ್ತು. "ಸಹಿ ಹಾಕ್ಸಿಕೊಂಡ ಮ್ಯಾಲೆ ಓದೋದವಾ. ಅದಕ್ಕ ಕವರ್ ಸೈತ ತಗದಿಲ್ಲ ನೋಡು, ಹೊಚ್ಚ ಹೊಸಾದು ಇಟ್ಟೀನಿ."

ಸುತ್ತ ನೋಡಿದೆ. ಎಲ್ಲರ ಮಡಿಲಲ್ಲೂ ಕವರು ತೆಗೆಯದ ಪುಸ್ತಕ. ತಪ್ಪು ಅವರದಲ್ಲ. ನಮ್ಮಲ್ಲಿ ಲೇಖಕರು ಬರುತ್ತಾರೆ ಅಂದರೆ ಅದು ಪುಸ್ತಕ ಬಿಡುಗಡೆ. ಬಿಡುಗಡೆಗೆ ಯಾರು ಓದಿ ಬರುತ್ತಾರೆ? ಮುಖ್ಯ ಅತಿಥಿಯೇ ವೇದಿಕೆಯ ಮೇಲೆ ಪುಟ ತಿರುವುತ್ತ ಕೂತಿರುತ್ತಾರೆ. ಲೇಖಕರಿಗೆ ಶಾಲು, ಹಣ್ಣು, ನಾಲ್ಕು ಒಳ್ಳೆಯ ಮಾತು, ಆಮೇಲೆ ಉಪ್ಪಿಟ್ಟು. ಮೈಸೂರಿನಲ್ಲಿ ಅಂಥ ನೂರಾರು ಸಮಾರಂಭ ನೋಡಿದ ನಾನೇ "ಓದಿ ಬನ್ನಿ" ಎಂದು ಎರಡು ಪದ ಬರೆದರೆ ಸಾಕು ಎಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳುವುದು.

ಮಾಲಕಿ ಹೇಳಿದಂತೆ ಪ್ರಶ್ನೆ ಬರೆಯಲು ಚೀಟಿ ಹಂಚಿ, ಗಾಜಿನ ಬೋಗುಣಿಯಲ್ಲಿ ಕೂಡಿಸಿದೆ. ಬಿಲ್ಲಿಂಗ್ ಮೇಜಿನ ಹಿಂದೆ ನಿಂತು ಒಂದೊಂದೇ ಬಿಡಿಸಿದೆ. ನಿಮ್ಮ ದೇಶದಲ್ಲಿ ಶಾಂತಿ ಯಾವಾಗ? ನಿಮಗೆ ಇದನ್ನೆಲ್ಲ ನೋಡಿ ಹೇಗನ್ನಿಸುತ್ತದೆ? ನಾವು ಏನು ಮಾಡಬಹುದು? ಎಲ್ಲವೂ ಒಳ್ಳೆಯ ಮನಸ್ಸಿನವರು ಕೇಳಿದ ಪ್ರಶ್ನೆಗಳೇ. ಅಕ್ಕನ ಬಗ್ಗೆ ಇಲ್ಲ, ತಂಗಿಯ ಬಗ್ಗೆ ಇಲ್ಲ, ಕಾರಿನ ಬಗ್ಗೆ ಇಲ್ಲ. ಕಾದಂಬರಿಗಾರ್ತಿ ಫೋನಿನಲ್ಲಿ ಹೇಳಿದ್ದ ಊರುಗಳ ಪಟ್ಟಿಗೆ ನಮ್ಮದೂ ಒಂದು ಸೇರುವುದು ಖಾತ್ರಿಯಾಯಿತು.

ಗಾಬರಿಯಲ್ಲಿ ನಾನು ಮಾಡಿದ್ದೇನು ಗೊತ್ತೆ? ಹೊಸ ಚೀಟಿ ತೆಗೆದು ನಾನೇ ಪ್ರಶ್ನೆ ಬರೆಯತೊಡಗಿದೆ. ಪುಸ್ತಕ ಓದಿದವರು ಕೇಳುವಂಥ ಪ್ರಶ್ನೆಗಳು. ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟು, "ಇದನ್ನು ನಿಮ್ಮದೇ ಅನ್ನೋ ಹಾಗೆ ಓದಿಬಿಡಿ" ಎನ್ನುವುದು ನನ್ನ ಯೋಜನೆ. ಮೂರನೆಯ ಚೀಟಿ ಬರೆಯುತ್ತಿದ್ದಾಗ ಹಿಂದಿನಿಂದ ಯಾರೋ ಇಣುಕಿದರು. ಮಂಗಳೂರಿನ ಕಡೆಯ ನರ್ಸ್ ಆಂಟಿ. ವಾರ್ಡಿನ ಕೆಲಸ ಮುಗಿಸಿ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಂಡು ಹಾಗೇ ಬಂದಿದ್ದರು.

"ಎಂತ ಮಾರಾಯ್ತಿ, ಪರೀಕ್ಷೆಗೆ ಕಾಪಿ ಚೀಟಿ ಬರಿತಾ ಇದ್ದೀಯಾ?"

"ಆಂಟಿ, ಯಾರೂ ಓದಿಲ್ಲ. ನೀವೂ ಓದಿಲ್ಲ ತಾನೆ?"

"ಓದದೆ? ನೀನು ಓದ್ಲಿಕ್ಕೆ ಕೊಟ್ಟದ್ದಲ್ವಾ? ಟೀ ಬ್ರೇಕಿನಲ್ಲೆಲ್ಲ ಅದೇ." ಅವರ ಪುಸ್ತಕದ ಬೆನ್ನು ಮುರಿದಿತ್ತು, ಪುಟಗಳ ಮೇಲೆ ಚಹಾದ ಕಲೆ ಇತ್ತು. "ಆ ಅಕ್ಕ ಉಂಟಲ್ಲ, ಅವಳ ಮೇಲೆ ನಂಗೆ ಎಷ್ಟು ಸಿಟ್ಟು ಬಂದಿದೆ ಗೊತ್ತುಂಟಾ? ನಾನು ಇಲ್ಲಿ ಎಷ್ಟು ಸಲ ಫೇಲಾಗಿದ್ದೇನೆ! ಊರಲ್ಲಿ ಹದಿನೈದು ವರ್ಷ ಕಾರು ಓಡಿಸಿದವಳು ನಾನು. ಆ ಚಾರ್ಟ್‌ವೆಲ್ ಕಡೆಯ ರೌಂಡ್‌ಅಬೌಟಲ್ಲಿ ಭುಜದ ಮೇಲಿಂದ ಹಿಂದೆ ನೋಡ್ಲಿಲ್ಲ ಅಂತ ಹೇಳಿ ಫೇಲ್. ಮನೆಗೆ ಬಂದು ಎಷ್ಟು ಅತ್ತಿದ್ದೇನೆ!"

ಅವರು ಮಾತಾಡುತ್ತಿದ್ದಂತೆ ಪಕ್ಕದಲ್ಲಿದ್ದ ಮೂರ್ನಾಲ್ಕು ಜನ ತಿರುಗಿ ನೋಡಿದರು. ಒಬ್ಬಾಕೆ, "ಅಕ್ಕ ಏನ್ ಮಾಡಿದ್ಲು ಆಂಟಿ?" ಎಂದು ಕೇಳಿಯೇಬಿಟ್ಟಳು.

ಆಗ ನನಗೆ ನಮ್ಮ ಬೀದಿ ನೆನಪಾಯಿತು. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಭಜನೆ ಮಂದಿರದಲ್ಲಿ ಗಮಕ ನಡೆಯುತ್ತಿತ್ತು. ಒಬ್ಬರು ಹಳೆಯ ಕಾವ್ಯ ವಾಚಿಸುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದನ್ನು ಬಿಡಿಸಿ ಹೇಳುವುದು. ಕೇಳಲು ಬಂದವರಲ್ಲಿ ಒಬ್ಬರೂ ಓದಿ ಬಂದವರಲ್ಲ. ಆದರೂ ಮುಗಿಸಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ, ಅವಳು ಹಾಗೆ ಮಾಡಬಾರದಿತ್ತು, ಇವನದೇ ತಪ್ಪು, ಎಂದು ಜಗಳ ಆಡಿಕೊಂಡೇ ಹೋಗುತ್ತಿದ್ದರು. ಕೈಯಲ್ಲಿದ್ದ ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿದೆ.

ಮೊದಲು ಡಾಕ್ಟರ್ ಅಂಕಲ್ ಹತ್ತಿರ ಹೋದೆ. "ಅಂಕಲ್, ಭಾಷಣ ಬೇಡ. ನಿಮ್ಮ ದನಿ ಬೇಕು. ಇದರಲ್ಲಿ ಒಂದು ಅಧ್ಯಾಯ ನೀವು ಜೋರಾಗಿ ಓದಬೇಕು. ಆಂಟಿ ನಡುನಡುವೆ ನಿಲ್ಲಿಸಿ ವಿವರಿಸುತ್ತಾರೆ. ಗಮಕ ಇದ್ದ ಹಾಗೆ."

"ಅಲ್ಲವಾ, ನಾ ಬರ್ಕೊಂಡ ಬಂದದ್ದು?"

"ಅಂಕಲ್, ನಿಮ್ಮಂಥ ಕಂಠ ಈ ಊರಲ್ಲಿ ಇನ್ಯಾರಿಗಿದೆ?"

ಅವರು ಕಾಗದವನ್ನು ಜುಬ್ಬಾದ ಜೇಬಿಗೆ ಇಳಿಸಿ, ಕನ್ನಡಕ ಒರೆಸಿಕೊಂಡರು. ಗೆದ್ದೆ ಎಂದುಕೊಂಡೆ. ಆದರೆ ಕಷ್ಟದ ಕೆಲಸ ಹಿಂದಿನ ಕೋಣೆಯಲ್ಲಿತ್ತು.

ಮಾಲಕಿಯನ್ನು ಕೇಳದೆ ಕ್ರಮ ಬದಲಿಸುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಕಾರಿನಲ್ಲಿ ಸುಳ್ಳು ಹೇಳಿದ್ದೆ. ಬಾಗಿಲು ತಳ್ಳಿ ಒಳಗೆ ಹೋಗಿ, ಕೂರದೆ ನಿಂತುಕೊಂಡೇ ಹೇಳಿಬಿಟ್ಟೆ. "ಒಬ್ಬರನ್ನು ಬಿಟ್ಟರೆ ಯಾರೂ ಓದಿಲ್ಲ. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು."

ಕಾದಂಬರಿಗಾರ್ತಿ ಚಹಾದ ಲೋಟ ಕೆಳಗಿಟ್ಟರು. "ಹಾಗಾದರೆ ಯಾಕೆ ಬಂದಿದ್ದಾರೆ?"

"ನಿಮ್ಮನ್ನು ಗೌರವಿಸಲು. ಶಾಲು ತಂದಿದ್ದಾರೆ."

"ಗೌರವ ನನಗೆ ಬೇಕಾದಷ್ಟು ಸಿಕ್ಕಿದೆ," ಎಂದರು. ದನಿ ಏರಲಿಲ್ಲ. "ಅದರಿಂದಲೇ ನನಗೆ ಸುಸ್ತಾಗಿರುವುದು." ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಒಂದು ಅಧ್ಯಾಯ ಮುಗಿಯುವವರೆಗೆ ಇರಿ. ನೀವು ಮಾತಾಡಬೇಡಿ, ಮುಂದೆ ಕೂರಬೇಡಿ. ಅವರ ನಡುವೆ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂತು ಕೇಳಿ. ಬೇಜಾರಾದರೆ ಎದ್ದು ಬನ್ನಿ, ನಾನೇ ಈಗಿಂದೀಗಲೇ ವಿಮಾನ ನಿಲ್ದಾಣಕ್ಕೆ ಬಿಡುತ್ತೇನೆ. ಟ್ಯಾಂಕ್ ಹೇಗೂ ತುಂಬಿದೆ."

ಕೊನೆಯ ಮಾತಿಗೆ ಅವರು ನನ್ನನ್ನು ಒಂದು ಥರ ನೋಡಿದರು. ಚೀಲ ಇಳಿಸಲಿಲ್ಲ, ಆದರೆ ನನ್ನ ಹಿಂದೆ ಬಂದರು.

ಮಾಲಕಿ "ಕಿಯಾ ಓರಾ" ಎಂದು ಸ್ವಾಗತಿಸಿ, ಬೆಂಕಿ ಬಿದ್ದರೆ ಯಾವ ಬಾಗಿಲು, ಭೂಮಿ ನಡುಗಿದರೆ ಏನು ಮಾಡಬೇಕು ಎಂದು ವಾಡಿಕೆಯಂತೆ ಹೇಳಿದರು. ಆಮೇಲೆ ನಾನು ಮೈಕು ತೆಗೆದುಕೊಂಡು ಕ್ರಮ ಬದಲಾಗಿದೆ ಎಂದೆ. ಮಾಲಕಿಯ ಹುಬ್ಬು ಮೇಲೇರಿದ್ದು ಕಂಡಿತು, ಕಾಣದವಳಂತೆ ಮುಂದುವರಿದೆ. ಕಾದಂಬರಿಗಾರ್ತಿ ಮೂಲೆಯ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ನಾನು.

ಡಾಕ್ಟರ್ ಅಂಕಲ್ ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಕಿತ್ತು, ನಾನು ತೋರಿಸಿದ ಪುಟ ತೆರೆದು ಓದತೊಡಗಿದರು. ಮೊದಲ ಪುಟ ಭಾಷಣದ ಧಾಟಿಯಲ್ಲೇ ಹೋಯಿತು. ಯಾರೋ ಕೆಮ್ಮಿದರು. ಕಾದಂಬರಿಗಾರ್ತಿಯ ಕೈ ಚೀಲದ ಪಟ್ಟಿಯ ಮೇಲೆ ಬಿಗಿಯಾಯಿತು. ನಾನು ಮನೆದೇವರನ್ನು ನೆನೆದುಕೊಂಡೆ. ಅಷ್ಟರಲ್ಲಿ ಕಥೆಯಲ್ಲಿ ಅಕ್ಕ ಪರೀಕ್ಷಕನ ಹತ್ತಿರ ಹೋಗಿ, "ನನ್ನ ತಂಗಿ ಸರ್, ತುಂಬಾ ಒಳ್ಳೆಯವಳು, ಸ್ವಲ್ಪ ಗಾಬರಿ, ರೌಂಡ್‌ಅಬೌಟಿನಲ್ಲಿ ಮಾತ್ರ ಒಂಚೂರು ಗಮನಿಸಿ," ಎನ್ನುವ ಜಾಗ ಬಂತು.

"ನಿಲ್ಸಿ ಡಾಕ್ಟ್ರೇ," ಎಂದರು ನರ್ಸ್ ಆಂಟಿ. ಮೈಕು ಬೇಕಾಗಲಿಲ್ಲ. ಅಲ್ಲಿಯವರೆಗಿನ ಕಥೆಯನ್ನು ಅಕ್ಕಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. "ನೋಡಿ, ಸುಳ್ಳು ಹೇಳಲಿಲ್ಲ ಅವಳು. ಹೊಗಳಿದ್ದು. ಹೊಗಳಿಯೇ ಮುಗಿಸಿದ್ದು!" ಸಿಟ್ಟು ಏರಿದರೆ ಅವರಿಗೆ ಇಂಗ್ಲಿಷ್ ಕೈಕೊಡುತ್ತದೆ, ಕನ್ನಡಕ್ಕೆ ಜಾರಿದರು. ನಾನು ಕಾದಂಬರಿಗಾರ್ತಿಯ ಕಿವಿಯ ಹತ್ತಿರ ಬಗ್ಗಿ ಪಿಸುದನಿಯಲ್ಲಿ ಇಂಗ್ಲಿಷಿಗೆ ತಿರುಗಿಸುತ್ತ ಹೋದೆ.

"ಹಂಗಲ್ಲ ಸಿಸ್ಟರ್," ಎಂದರು ಡಾಕ್ಟರ್, ಬೆರಳು ಪುಟದ ಮೇಲೇ ಇತ್ತು. "ಅಕ್ಕಾಗ ಹೆದರಿಕಿ ಆಗೇದ. ತಂಗಿ ರಸ್ತೆದಾಗ ಏನರ ಮಾಡ್ಕೊಂಡಳು ಅಂತ. ತಾಯಿ ಇಲ್ಲದ ಹುಡಗಿ."

"ಹೆದರಿಕೆ ಎಂತದು? ಊರ ಹೆಂಗಸರಿಗೆಲ್ಲ ಕಲಿಸ್ತಾಳಲ್ಲ, ಅವರು ಸತ್ತರೆ ಅಡ್ಡಿ ಇಲ್ವಾ?"

ಯಾರೋ ಜೋರಾಗಿ ನಕ್ಕರು. ಇನ್ಯಾರೋ ತಂಗಿಯದೂ ತಪ್ಪಿದೆ, ಹೇಳದೆ ಹೋಗುವ ಯೋಚನೆ ಯಾಕೆ ಎಂದರು. ಮದುವೆಯಾಗಿ ಅಕ್ಕನ ಮನೆಯಲ್ಲೇ ಎಷ್ಟು ದಿನ ಇರುವುದು ಎಂದಳು ಎದುರಿಗಿದ್ದ ಒಬ್ಬ ಹುಡುಗಿ. ಪ್ಲಾಸ್ಟಿಕ್ ಕವರು ಹರಿಯುವ ಸದ್ದು ಅಲ್ಲಲ್ಲಿ ಕೇಳತೊಡಗಿತು. ಮೈಕು ಯಾರ ಕೈಯಲ್ಲಿದೆ ಎಂದೇ ನನಗೆ ತಿಳಿಯಲಿಲ್ಲ. ಬಾಗಿಲ ಬಳಿಯಿದ್ದ ಮಾಲಕಿ ಒಂದು ಕುರ್ಚಿ ಎಳೆದುಕೊಂಡು ಕೂತರು.

"ಇಲ್ಲ, ನಾನು ಹೇಳ್ತೇನೆ ಯಾಕೆ ಮಾಡಿದ್ದು ಅಂತ," ಎಂದರು ಆಂಟಿ. ತಮ್ಮ ಪುಸ್ತಕ ತೆರೆದು ಹಿಂದಕ್ಕೆ ತಿರುವಿದರು. "ಈ ಅಕ್ಕ ಕಾರಿನ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳೀಲಿಕ್ಕೇ ಬಿಡುದಿಲ್ಲ. ಪ್ರತಿ ಅಧ್ಯಾಯದಲ್ಲಿ ಪೆಟ್ರೋಲ್ ಹಾಕಿಸ್ತಾಳೆ. ನಂಗೆ ಮೊದಲು ನಗು ಬಂತು, ಎಂತ ಪಿರ್ಕಿ ಇದು ಅಂತ. ಮತ್ತೆ ತಿರುಗಿಸಿ ನೋಡಿದೆ. ಶುರುವಿನಲ್ಲಿ ಒಂದೇ ಒಂದು ಸಾಲು ಉಂಟು. ಕುವೈತ್ ಬಿಟ್ಟು ಓಡುವಾಗ ಎರಡು ಕಾರು ಹೊರಟದ್ದು. ಹಿಂದಿನದ್ದರಲ್ಲಿ ಪೆಟ್ರೋಲ್ ಕಡಿಮೆ. ನೀವು ಹೋಗ್ತಾ ಇರಿ, ತುಂಬಿಸಿಕೊಂಡು ಬರ್ತೇವೆ ಅಂದರು. ಅದರಲ್ಲಿ ಅವಳ ಅಮ್ಮ ಇದ್ದದ್ದು. ಇವಳು ಹಿಂದಿನ ಗಾಜಿನಲ್ಲಿ ನೋಡ್ತಾ ಕೂತಿದ್ದಾಳೆ, ತಿರುವು ಬಂತು, ಆ ಕಾರು ಮತ್ತೆ ಕಾಣಲೇ ಇಲ್ಲ. ಇಷ್ಟೇ ಬರೆದದ್ದು. ಮತ್ತೆ ಅದರ ಬಗ್ಗೆ ಒಂದು ಮಾತಿಲ್ಲ." ಅವರ ದನಿ ಇಳಿಯಿತು. "ತಂಗಿ ಕಾರು ಹತ್ತಿ ಹೋಗುದು ಅಂದರೆ ಅವಳಿಗೆ ಅದೇ ಅಲ್ವಾ? ಪಾಪ. ಸಿಟ್ಟು ಬರ್ತದೆ, ಆದ್ರೆ ಪಾಪ."

ಡಾಕ್ಟರ್ ಅಂಕಲ್ ಕನ್ನಡಕ ತೆಗೆದು ಹಿಡಿದುಕೊಂಡರು. ಎರಡು ಸಲ ಓದಿದ್ದ ನನಗೆ ಆ ಸಾಲು ನೆನಪೇ ಇರಲಿಲ್ಲ. ಬೆಳಿಗ್ಗೆ ಬಂಕಿನಲ್ಲಿ ಮನಸ್ಸಿನಲ್ಲೇ ಗೊಣಗಿಕೊಂಡಿದ್ದು ನೆನಪಾಗಿ ನಾಚಿಕೆಯಾಯಿತು. ಪಕ್ಕಕ್ಕೆ ನೋಡಿದೆ. ಕಾದಂಬರಿಗಾರ್ತಿಯ ಚೀಲ ಯಾವಾಗಲೋ ಕೆಳಗೆ ನೆಲದ ಮೇಲಿತ್ತು. ಅವರು ಅಳುತ್ತಿದ್ದರು, ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಆಂಟಿ ಮಾತ್ರ ಬಿಡುವವರಲ್ಲ. ಮೂಲೆಗೆ ತಿರುಗಿ, "ಅಲ್ಲ ಮೇಡಂ, ಕೊನೆಗೆ ತಂಗಿ ಇನ್ನೊಂದು ಸಲ ಪರೀಕ್ಷೆಗೆ ಕೂರ್ತಾಳೆ, ಕಾರಿನ ಬಾಗಿಲು ಹಾಕ್ತಾಳೆ, ಪುಸ್ತಕ ಮುಗೀತು! ಪಾಸಾದಳಾ ಇಲ್ವಾ?" ಎಂದು ಇಂಗ್ಲಿಷಿನಲ್ಲೇ ನೇರವಾಗಿ ಕೇಳಿದರು.

"ನನಗೆ ಗೊತ್ತಿಲ್ಲ," ಎಂದರು ಕಾದಂಬರಿಗಾರ್ತಿ.

"ಗೊತ್ತಿಲ್ಲ ಅಂದರೆ ಎಂತ? ನೀವಲ್ವಾ ಬರೆದದ್ದು? ನಾನು ಅವತ್ತಿಂದ ನಿದ್ದೆ ಬಿಟ್ಟು ಕಾಯ್ತಾ ಇದ್ದೇನೆ!"

ಇಡೀ ಅಂಗಡಿ ಗೊಳ್ಳೆಂದು ನಕ್ಕಿತು. ಕಾದಂಬರಿಗಾರ್ತಿಯೂ ಕಣ್ಣೀರಿನಲ್ಲೇ ನಕ್ಕರು. ಆಮೇಲೆ ಎದ್ದು ಬಂದು ಆಂಟಿಯ ಎದುರು ಕೂತು, "ನೀವು ಫೇಲಾದ ಆ ರೌಂಡ್‌ಅಬೌಟ್ ಹೇಗಿದೆ, ತೋರಿಸಿ," ಎಂದರು. ತೋರಿಸಲು ಏನೂ ಇರಲಿಲ್ಲ. ಆಂಟಿ ಕೈಚಾಚಿ ಸನ್ಮಾನದ ಹಣ್ಣಿನ ತಟ್ಟೆ ಎಳೆದುಕೊಂಡರು. ಸೇಬನ್ನು ನಡುವೆ ಇಟ್ಟರು. ಕಿತ್ತಳೆ ಅವರ ಕಾರು. ದ್ರಾಕ್ಷಿಗಳು ಬೇರೆ ಕಾರುಗಳು. ಎಲ್ಲರೂ ಕುರ್ಚಿ ಬಿಟ್ಟು ಬಗ್ಗಿ ನೋಡಿದರು. ಡಾಕ್ಟರ್ ಅಂಕಲ್ ಒಂದು ದ್ರಾಕ್ಷಿಯನ್ನು ತಪ್ಪು ದಿಕ್ಕಿನಲ್ಲಿ ತಿರುಗಿಸಿ ಬೈಸಿಕೊಂಡರು. ಶಾಲು ಹೊದಿಸುವುದು ಎಲ್ಲರಿಗೂ ಮರೆತೇಹೋಯಿತು. ಹೋಗುವಾಗ ಯಾರೋ ಅದನ್ನು ಮಡಿಚಿ ನನ್ನ ಕೈಗೆ ಕೊಟ್ಟರು.

ಭಾನುವಾರ ಬೆಳಿಗ್ಗೆ ಕಾದಂಬರಿಗಾರ್ತಿಯನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿತ್ತು. ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿಟ್ಟಿದ್ದೆ. ಅವರು ಮುಳ್ಳು ನೋಡಿದರು, ನನ್ನನ್ನು ನೋಡಿದರು, ಬೆಲ್ಟ್ ಹಾಕಿಕೊಂಡರು. ಫೋನು ತೊಡೆಯ ಮೇಲೆ ಬೋರಲಾಗಿಯೇ ಇತ್ತು. ಚಿಕ್ಕಮ್ಮನ ಸುದ್ದಿ ಇನ್ನೂ ಬಂದಿರಲಿಲ್ಲ. ಹಿಂದಿನ ದಿನ ನಡೆದದ್ದರ ಬಗ್ಗೆಯೂ ಅವರು ಒಂದು ಮಾತು ಆಡಲಿಲ್ಲ, ಕೇಳಲು ನನಗೆ ಧೈರ್ಯ ಬರಲಿಲ್ಲ. ಒಂದು ಮಧ್ಯಾಹ್ನದಿಂದ ಯಾರ ಮನಸ್ಸು ಬದಲಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಆ ಆಂಟಿಯ ರೌಂಡ್‌ಅಬೌಟ್ ದಾರಿಯಲ್ಲಿದೆಯಾ?" ಎಂದರು.

ದಾರಿಯಲ್ಲಿ ಇರಲಿಲ್ಲ. ಹೊತ್ತಾಗುತ್ತಿತ್ತು. ಮಂಜಿನಲ್ಲಿ ಹೆದ್ದಾರಿ ನಿಧಾನ ಬೇರೆ. "ಇದೆ," ಎಂದು ಕಾರು ತಿರುಗಿಸಿದೆ. ರೌಂಡ್‌ಅಬೌಟ್ ಖಾಲಿಯಿತ್ತು. ಒಂದು ಸುತ್ತು ಹಾಕಿ ಹೊರಬೀಳಲು ಹೋದರೆ, "ಇನ್ನೊಂದು ಸಲ," ಎಂದರು. ಸುತ್ತಿದೆ. "ಇನ್ನೊಂದು ಸಲ." ನನ್ನ ಕಣ್ಣು ಗಡಿಯಾರದ ಮೇಲೆ, ಅವರ ಕಣ್ಣು ಕಿಟಕಿಯ ಹೊರಗೆ.

"ಪರೀಕ್ಷೆ ನಡೆಯುವಾಗ ಜೊತೆಗೆ ಬಂದವರು ಎಲ್ಲಿ ನಿಂತಿರುತ್ತಾರೆ?" ಎಂದು ಕೇಳಿದರು.

"ಹೊರಗೆ, ಪಾರ್ಕಿಂಗ್ ಜಾಗದಲ್ಲಿ."

"ಅಲ್ಲಿಂದ ಕಾರು ಕಾಣುತ್ತದೆಯಾ?"

"ತಿರುವು ದಾಟುವವರೆಗೆ ಕಾಣುತ್ತದೆ. ಆಮೇಲೆ ಕಾಣುವುದಿಲ್ಲ. ವಾಪಸು ಬರುವವರೆಗೆ ಕಾಯಬೇಕು."

ಅವರು ತಲೆಯಾಡಿಸಿದರು. "ಸರಿ, ಹೋಗೋಣ," ಎಂದು ಸೀಟಿಗೆ ಒರಗಿಕೊಂಡರು. "ಮುಂದಿನದನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಅಕ್ಕ ಪಾರ್ಕಿಂಗಿನಲ್ಲಿ ನಿಂತಿದ್ದಾಳೆ."